ಪ್ಯಾರಿಸ್ಸಿನ ಹೊಸಿಲಿಗೆ ರಂಗೋಲಿ ಹಾಕಿದವರು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಆಡುವುದಿಲ್ಲ. ಕಷ್ಟ ಏನೆಂದರೆ, ಇವರ ಬಗ್ಗೆ ಒಳ್ಳೆಯದು ಆಡುವುದಕ್ಕೂ ನನಗೆ ಹೊಟ್ಟೆಯುರಿ. ಕಳೆದ ಮಂಗಳವಾರ ಪರ್ತ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅವರು ಅಡಿಲೇಡ್‌ನಲ್ಲಿ ತೀರಿಕೊಂಡ ಸುದ್ದಿ ಬಂತು. ಅರ್ಧ ಗಂಟೆಯೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ‘ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಆಡಿಸಿದ ಪುಣ್ಯಾತ್ಮ’ ಎಂದು ಒಬ್ಬರು ಬರೆದರು. ಅದರ ಕೆಳಗೆ ಎಲ್ಲರೂ ಹೌದು ಹೌದು ಅಂದರು. ಅಲ್ಲ ಸ್ವಾಮಿ, ಆ ಕನ್ನಡ ತರಗತಿ ಶುರು ಮಾಡಿದವಳು ನಾನು. ಪರ್ತ್‌ನ ಕ್ಯಾನಿಂಗ್ಟನ್ ಬಡಾವಣೆಯ ಸಮುದಾಯ ಭವನದ ಬೀಗದ ಕೈಗೆ ಅಲೆದವಳು ನಾನು, ಕುರ್ಚಿ ಜೋಡಿಸಿದವಳು ನಾನು, ಬೋರ್ಡು ಒರೆಸಿದವಳು ನಾನು. ದುಃಖಕ್ಕಿಂತ ಮೊದಲು ನನ್ನ ಮನಸ್ಸಿಗೆ ಬಂದದ್ದು ಈ ಮಾತು. ನಾನು ಎಂಥವಳು ಅಂತ ಇಷ್ಟರಲ್ಲೇ ನಿಮಗೆ ಗೊತ್ತಾಗಿರಬೇಕು.

ಅವರ ಹೆಸರು ಬರೆಯುವುದಿಲ್ಲ. ನನ್ನ ಹೆಸರು ಬರಬೇಕಾದ ಕಡೆಯಲ್ಲೆಲ್ಲ ಅವರ ಹೆಸರೇ ಬಂದಿದೆ, ಇಲ್ಲಾದರೂ ಬೇಡ. ಎಲ್ಲರೂ ಅಂಕಲ್ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ.

ನಾನು ಅವರನ್ನು ಮೊದಲು ನೋಡಿದ್ದು ಪರ್ತ್‌ನ ವೆಲ್ಷ್‌ಪೂಲ್ ಬಡಾವಣೆಯ ಒಂದು ಗೋದಾಮಿನಲ್ಲಿ. ಕಾರು ಲಾರಿಗಳ ಬಿಡಿಭಾಗಗಳ ಗೋದಾಮು ಅದು. ಮೈಸೂರಿನ ಒಂದು ಸಂಜೆ ಪತ್ರಿಕೆಯಲ್ಲಿ ಆರು ವರ್ಷ ಕ್ರೈಮ್ ವರದಿಗಾರ್ತಿಯಾಗಿದ್ದ ನಾನು ಗಂಡ ರಘುವಿನ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದೆ. ಕನ್ನಡದ ಕ್ರೈಮ್ ವರದಿಗಾರ್ತಿಗೆ ಪರ್ತ್‌ನಲ್ಲಿ ಯಾರು ಕೆಲಸ ಕೊಡುತ್ತಾರೆ? ಯಾವ ಪೆಟ್ಟಿಗೆ ಯಾವ ಲಾರಿಗೆ ಹೋಗಬೇಕು ಎಂದು ಕಂಪ್ಯೂಟರಿನಲ್ಲಿ ಹೊಂದಿಸಿ ಕೊಡುವ ಕೆಲಸ ಸಿಕ್ಕಿತು. ನಾನು ಒತ್ತಿದ ಗುಂಡಿಗೆ ಯಂತ್ರದಿಂದ ಲೇಬಲ್ ಹೊರಗೆ ಬರುತ್ತಿತ್ತು, ಅದನ್ನು ಪೆಟ್ಟಿಗೆಗೆ ಅಂಟಿಸುವ ಕೆಲಸ ಅಂಕಲ್‌ದು. ಆಗ ಅವರಿಗೆ ಅರವತ್ತಕ್ಕೆ ಒಂದೆರಡು ಕಡಿಮೆ. ಶಿರಾ ಕಡೆಯವರು. ಊರಿನಲ್ಲಿ ಗೋಡೆಗಳ ಮೇಲೆ ಬೀಜ ಗೊಬ್ಬರದ ಜಾಹೀರಾತು ಬರೆಯುತ್ತಿದ್ದರಂತೆ. ಹೆಂಡತಿ ನರ್ಸ್. ಆಕೆಗೆ ಮೊದಲು ಅಡಿಲೇಡ್‌ನಲ್ಲಿ, ಆಮೇಲೆ ಪರ್ತ್‌ನಲ್ಲಿ ಕೆಲಸವಾಗಿತ್ತು, ಇವರು ಹಿಂದೆ ಹಿಂದೆ ಬಂದಿದ್ದರು. ಈ ವಿಷಯದಲ್ಲಿ ನಾವಿಬ್ಬರೂ ಒಂದೇ ಜಾತಿ.

ಲೇಬಲ್ ಅಂಟಿಸುವುದಕ್ಕೂ ಅವರದೊಂದು ಗತ್ತು. ಹೆಬ್ಬೆರಳಿನಿಂದ ನಡುವೆ ಒತ್ತಿ, ಅಂಗೈಯ ಅಂಚಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸವರಿ, ಕೊನೆಗೆ ಎರಡು ಸಲ ತಟ್ಟುತ್ತಿದ್ದರು. ಮಾತಾಡುವಾಗಲೂ ಮೇಜನ್ನು ಹಾಗೇ ಸವರುತ್ತಿದ್ದರು. ಅವರು ಸೀನಿದರೆ ಫೋರ್ಕ್‌ಲಿಫ್ಟ್ ಓಡಿಸುವವನು ಬ್ರೇಕ್ ಹಾಕುತ್ತಿದ್ದ. ಊಟದ ಹೊತ್ತಿನಲ್ಲಿ ಅವರ ಪಕ್ಕ ಕೂತರೆ ನಿಮ್ಮ ಡಬ್ಬಿಯ ಉಪ್ಪಿನಕಾಯಿ ನಿಮ್ಮದಲ್ಲ. ‘ಸ್ವಲ್ಪ ಖಾರ ಜಾಸ್ತಿ ಆಯ್ತು ನೋಡ್ರಿ’ ಅಂತ ತಪ್ಪು ಹುಡುಕುತ್ತಲೇ ಇಡೀ ಉಪ್ಪಿನಕಾಯಿ ಮುಗಿಸುತ್ತಿದ್ದರು.

ಅವರಿಗೊಂದು ಗಾದೆಯಂಥ ಮಾತಿತ್ತು. ‘ಕೊಲೆಗಾರ ಯಾವಾಗ್ಲೂ ಮೂರನೇ ಪುಟದಾಗೇ ಟೀ ಕುಡ್ಕೊಂಡು ಕೂತಿರ್ತಾನೆ ಮೇಡಮ್ನೋರೆ, ನಾವೇ ನೋಡಲ್ಲ.’ ಒಂದು ಪೆಟ್ಟಿಗೆ ಬ್ರೇಕ್ ಪ್ಯಾಡ್ ಕಾಣೆಯಾದಾಗಲೂ ಇದನ್ನೇ ಹೇಳಿದರು, ನಮ್ಮ ಮೇಲ್ವಿಚಾರಕ ಹೇಳದೆ ಕೇಳದೆ ಕೆಲಸ ಬಿಟ್ಟಾಗಲೂ ಇದನ್ನೇ ಹೇಳಿದರು. ಇದು ಯಾವ ಪುಸ್ತಕದ ಮೂರನೇ ಪುಟ ಅಂತ ನನಗೆ ಮೊದಮೊದಲು ಗೊತ್ತಿರಲಿಲ್ಲ.

ಅದು ಯೂರೋಪಿನ ಒಂದು ಚಿತ್ರಕಥಾ ಮಾಲಿಕೆ. ಫ್ರೆಂಚ್ ಭಾಷೆಯದು. ಅದರ ನಾಯಕ ಒಬ್ಬ ಪತ್ರಿಕಾ ವರದಿಗಾರ. ಪ್ರತಿ ಪುಸ್ತಕದಲ್ಲೂ ಒಂದು ಕೊಲೆ, ಪೊಲೀಸರಿಗಿಂತ ಮೊದಲು ಕೊಲೆಗಾರನನ್ನು ಹಿಡಿಯುವವನು ಇವನು. ದಶಕಗಟ್ಟಲೆ ನಡೆದ ಮಾಲಿಕೆ. ಕಾರುಗಳು ಬದಲಾಗುತ್ತವೆ, ಟೆಲಿಫೋನುಗಳು ಬದಲಾಗುತ್ತವೆ, ಇವನ ಒಂದು ಕೂದಲೂ ನರೆಯುವುದಿಲ್ಲ. ಅಡಿಲೇಡ್‌ನಲ್ಲಿದ್ದಾಗ ಅಂಕಲ್ ಒಂದು ಆಪ್ ಶಾಪಿನಲ್ಲಿ, ಅಂದರೆ ದಾನವಾಗಿ ಬಂದ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ, ಸಾಮಾನು ಇಳಿಸಿಕೊಡಲು ಹೋಗುತ್ತಿದ್ದರು. ಯಾರೋ ತೀರಿಕೊಂಡ ಮುದುಕರ ಮನೆಯಿಂದ ಮೂವತ್ತೊಂದು ಪುಸ್ತಕಗಳ ಪೆಟ್ಟಿಗೆ ಬಂತು. ಫ್ರೆಂಚ್ ಅಂತ ಯಾರೂ ಮೂಸಲಿಲ್ಲ, ಇವರು ಹೊತ್ತು ತಂದರು. ಇವರಿಗೂ ಫ್ರೆಂಚ್ ಬರುತ್ತಿರಲಿಲ್ಲ. ಒಂದಕ್ಷರ ಬರುತ್ತಿರಲಿಲ್ಲ.

ಇವರು ಮಾಡಿದ್ದೇನೆಂದರೆ, ಗೋದಾಮಿನಲ್ಲಿ ಅಡ್ಡಾದಿಡ್ಡಿ ಕತ್ತರಿಸಿ ಕಸಕ್ಕೆ ಹೋಗುವ ಖಾಲಿ ಲೇಬಲ್‌ಗಳನ್ನು ಕೇಳಿ ಮನೆಗೆ ಒಯ್ಯುತ್ತಿದ್ದರು. ಚಿತ್ರದ ಪಾತ್ರಗಳ ಬಾಯಿಂದ ಹೊರಡುತ್ತದಲ್ಲ, ಮಾತಿನ ಗುಳ್ಳೆ, ಅದರ ಅಳತೆಗೆ ಲೇಬಲ್ ಕತ್ತರಿಸಿ, ದುಂಡಗಿನ ಕನ್ನಡ ಅಕ್ಷರದಲ್ಲಿ ಮಾತು ಬರೆದು, ಫ್ರೆಂಚಿನ ಮೇಲೆ ಅಂಟಿಸುತ್ತಿದ್ದರು. ಒಂದು ಪುಸ್ತಕಕ್ಕೆ ಒಂದು ತಿಂಗಳು. ಗೋಡೆ ಬರಹದ ಕೈ ನೋಡಿ, ಎಷ್ಟು ಸಣ್ಣ ಗುಳ್ಳೆಯಾದರೂ ಒಂದು ಒತ್ತಕ್ಷರ ಗೆರೆ ದಾಟುತ್ತಿರಲಿಲ್ಲ. ಪ್ಯಾರಿಸ್ಸಿನ ಪೊಲೀಸ್ ಅಧಿಕಾರಿ ಪೈಪು ಸೇದುತ್ತಾ ‘ಎಲ್ಲೋ ಯಡವಟ್ಟಾಗೈತೆ’ ಅನ್ನುತ್ತಿದ್ದ.

ಊಟದ ಬಿಡುವಿನಲ್ಲಿ ಅವರು ಇದನ್ನು ಮೊದಲ ಸಲ ತೋರಿಸಿದಾಗ ನಾನು ನಕ್ಕೆ. ಒಳಗೆ ಆ ಕಾಗದದ ವರದಿಗಾರನ ಮೇಲೇ ಹೊಟ್ಟೆ ಉರಿಯುತ್ತಿತ್ತು. ‘ಅಲ್ಲ ಅಂಕಲ್, ಇವನು ಸುದ್ದಿ ಬರೆಯೋದು ಯಾವಾಗ? ಒಂದು ಪುಸ್ತಕದಲ್ಲೂ ಕೂತು ಬರೆದಿಲ್ಲ. ಇವನಿಗೆ ಸಂಪಾದಕರು ಬೈಯಲ್ವಾ? ಸಂಜೆ ಪುಟ ಯಾರು ತುಂಬಿಸ್ತಾರೆ?’ ಅಂದೆ. ನಾನು ಆಸ್ಪತ್ರೆಯ ಶವಾಗಾರದ ಮುಂದೆ ಗಂಟೆಗಟ್ಟಲೆ ನಿಂತು ಬಂದು ಐದು ಸಾಲು ಬರೆದರೆ, ಅದರಲ್ಲಿ ಮೂರು ಸಾಲು ಹೊಡೆದುಹಾಕುತ್ತಿದ್ದರು. ಇವನು ನೋಡಿದರೆ ಕೋಟಿಗೆ ಸುಕ್ಕು ಬೀಳದ ಹಾಗೆ ಛಾವಣಿಯಿಂದ ಛಾವಣಿಗೆ ಹಾರುತ್ತಾನೆ. ಇದನ್ನೂ ಹೇಳಿಕೊಂಡೆ. ಅಂಕಲ್ ಮೇಜು ಸವರುತ್ತಾ ಕೇಳಿದರು. ‘ನೀವು ಹಂಗಾರೆ ನಿಜವಾದ ರಿಪೋರ್ಟ್ರಾ? ಕೊಲೆ ಎಲ್ಲ ನೋಡಿದ್ದೀರಾ? ಒಂದು ಹೇಳಿ ನೋಡಣ.’

ಪರ್ತ್‌ಗೆ ಬಂದ ಮೇಲೆ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ನಾನು ಹೇಳಿದೆ. ಆ ವಾರ ಒಂದು, ಮುಂದಿನ ವಾರ ಒಂದು. ಒಂದು ವರ್ಷದಲ್ಲಿ ನನ್ನ ಆರು ವರ್ಷವೂ ಅವರ ಹೊಟ್ಟೆ ಸೇರಿತು, ಉಪ್ಪಿನಕಾಯಿಯ ಜೊತೆ.

ಇನ್ನು ತರಗತಿಯ ವಿಷಯ. ನನ್ನ ಮಗಳು ಸಿರಿಗೆ ಆಗ ಒಂಬತ್ತು. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಅವಳಿಗಾಗಿಯೇ ನಾನು ಶನಿವಾರ ಮಧ್ಯಾಹ್ನದ ಕನ್ನಡ ತರಗತಿ ಶುರು ಮಾಡಿದ್ದೆ. ಹನ್ನೊಂದು ಮಕ್ಕಳು ಬರುತ್ತಿದ್ದರು. ಅರಸ, ಆನೆ, ಇಲಿ, ಈಶ ಬರೆಸಿದೆ. ತಪ್ಪು ತಿದ್ದಿದೆ. ಮತ್ತೆ ಬರೆಸಿದೆ. ಮಕ್ಕಳು ಗಡಿಯಾರ ನೋಡುತ್ತಿದ್ದವು. ಹಿತ್ತಲ ಗಿಡ ಮದ್ದಲ್ಲ ನೋಡಿ, ಎಲ್ಲರಿಗಿಂತ ಜೋರಾಗಿ ಆಕಳಿಸುತ್ತಿದ್ದವಳು ನನ್ನ ಮಗಳೇ. ‘ನಾನೊಂದ್ ದಪ ಬರ್ಲಾ ಮೇಡಮ್ನೋರೆ?’ ಎಂದು ಅಂಕಲ್ ಒಂದು ಶನಿವಾರ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದರು. ಪಾಪ, ಬರಲಿ ಅಂದುಕೊಂಡೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಅವರು ಏನೂ ಕಲಿಸಲಿಲ್ಲ. ನೆಲದ ಮೇಲೆ ಕೂತು ಪುಸ್ತಕ ತೆರೆದು ಓದತೊಡಗಿದರು, ಒಂದೊಂದು ಪಾತ್ರಕ್ಕೆ ಒಂದೊಂದು ದನಿ. ಕೊನೆಯ ಎರಡು ಪುಟ ಬಂದಾಗ ಮುಚ್ಚಿಬಿಟ್ಟರು. ‘ಕೊಲೆಗಾರ ಯಾರು ಅಂತ ಕನ್ನಡದಾಗೆ ಹೇಳ್ದೋರಿಗೆ ಮುಂದಿನ ವಾರ ತೋರಿಸ್ತೀನಿ.’ ಮರುವಾರ ಹನ್ನೊಂದು ಮಕ್ಕಳು ಹತ್ತೊಂಬತ್ತಾದವು. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಅಪ್ಪ ಮೆಲ್ಲಗೆ ಕೇಳಿದರು, ‘ಅಂಕಲ್, ಚಿಕ್ಕ ಮಕ್ಕಳಿಗೆ ಕೊಲೆ ಗಿಲೆ ಎಲ್ಲ ಬೇಕಾ?’ ಇವರು ಅಂದರು, ‘ಕ ಅಂದ್ರೆ ಕಮಲ ಅಂದ್ರಿ, ಮರ್ತುಬಿಟ್ವು. ಕ ಅಂದ್ರೆ ಕೊಲೆ ಅಂದೆ, ಒಂದು ಮಗಾನೂ ಮರ್ತಿಲ್ಲ ನೋಡ್ರಿ ಸಾರ್.’ ಆ ಅಪ್ಪನೂ ನಕ್ಕು ಹಿಂದಿನ ಸಾಲಿನಲ್ಲಿ ಕೂತರು.

ಸಿರಿ ಕನ್ನಡ ಆಡತೊಡಗಿದಳು. ಹೌದು, ನಾನು ದೇವರಿಗೆ ಹರಕೆ ಹೊತ್ತಿದ್ದೇ ಅದಕ್ಕೆ. ಆದರೆ ಅವಳ ಬಾಯಲ್ಲಿ ಬಂದದ್ದು ನನ್ನ ಕನ್ನಡವಲ್ಲ. ಸದರ್ನ್ ರಿವರ್‌ನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತು, ಹಾಲು ಚೆಲ್ಲಿದರೆ ನನ್ನ ಮಗಳು ‘ಹೋಗ್ಲಿ ಬಿಡತ್ಲಾಗೆ’ ಅಂದಳು. ಶಿರಾ ಕಂಡವಳಲ್ಲ, ತುಮಕೂರು ಕಂಡವಳಲ್ಲ. ಶನಿವಾರ ನನಗಿಂತ ಮೊದಲು ಕಾರು ಹತ್ತಿ ಕೂತು, ‘ಬೇಗ ಬಾರಮ್ಮ, ತಾತ ಶುರು ಮಾಡ್ಬಿಡ್ತಾರೆ’ ಎಂದು ಕೂಗುತ್ತಿದ್ದಳು. ತಾತ! ನನ್ನ ಅಪ್ಪ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿದರೆ ‘ಹಾಯ್’ ಅಂದು ಓಡಿಹೋಗುವ ಹುಡುಗಿಗೆ ಇವರು ತಾತ.

ಒಂದು ಸಂಜೆ ಅವಳು ನನ್ನ ಮಳೆಕೋಟು ಹಾಕಿಕೊಂಡು ಕೈಯಲ್ಲಿ ಪೆನ್ನು ಹಿಡಿದು ಮನೆಯೆಲ್ಲ ಸುತ್ತುತ್ತಿದ್ದಳು. ‘ನಾನು ರಿಪೋರ್ಟರ್’ ಅಂದಳು. ನಾನು ಬಗ್ಗಿ ಕೂತು ಹೇಳಿದೆ, ‘ನಾನೂ ರಿಪೋರ್ಟರ್ ಆಗಿದ್ದೆ ಪುಟ್ಟಾ.’

ಅವಳು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ‘ನೀನಾ? ನೋ ಅಮ್ಮ. ಯು ಡು ಬಾಕ್ಸಸ್.’

ರಘು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ. ‘ಅಲ್ವೇ, ಹೋಗಿ ಹೋಗಿ ಆ ವಯಸ್ಸಾದವರ ಮೇಲೆ ಹೊಟ್ಟೆಕಿಚ್ಚಾ ನಿಂಗೆ?’ ಅಂದ. ‘ಇಲ್ಲ’ ಅಂದೆ. ಇತ್ತು. ಹೊಟ್ಟೆಯೊಳಗೆ ಒಲೆಯೇ ಉರಿಯುತ್ತಿತ್ತು.

ಹಾಗಾಗಿ ಆ ಜನವರಿಯಲ್ಲಿ ನಾನು ಮಾಡಿದ್ದು ಆಕಸ್ಮಿಕವಲ್ಲ. ‘ಒಂದು ಪುಸ್ತಕ ಕೊಡಿ ಅಂಕಲ್, ಓದಿ ಕೊಡ್ತೀನಿ’ ಎಂದು ಕೇಳಿ, ಅವರು ಆಗಷ್ಟೇ ಮುಗಿಸಿದ್ದನ್ನು ತೆಗೆದುಕೊಂಡೆ. ಮಕ್ಕಳಿಗೆ ಅದನ್ನು ಓದಿ ಮುಗಿಸಿಯಾಗಿತ್ತು; ಅವರು ಓದಲು ಕೂತರೆ ನಾನು ಹೊರಗೆ ಹೋಗಿಬಿಡುತ್ತಿದ್ದೆ. ಗೋದಾಮಿನಲ್ಲಿ ನನ್ನ ಪಕ್ಕದ ಮೇಜಿನವಳು ಜೋಸೆಲಿನ್, ಮಾರಿಷಸ್‌ನವಳು. ಅವರ ಮನೆಮಾತಿನ ಜೊತೆ ಫ್ರೆಂಚ್ ಅವಳಿಗೆ ನೀರು ಕುಡಿದ ಹಾಗೆ. ಲೇಬಲ್‌ಗಳ ಅಂಚನ್ನು ಉಗುರಿನಿಂದ ಎತ್ತಿ ಎತ್ತಿ ಅವಳು ಅಡಿಯ ಫ್ರೆಂಚನ್ನು ಓದಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ನಾನು ಮೇಲಿನ ಕನ್ನಡ ಓದುತ್ತಾ ಹೋದೆ. ಹತ್ತು ನಿಮಿಷಕ್ಕೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಫ್ರೆಂಚಿನಲ್ಲಿ ಸತ್ತವನು ಒಬ್ಬ ಬ್ಯಾಂಕಿನವನು, ಕೊಂದವನು ಕುಂಟ ತೋಟಗಾರ. ಕನ್ನಡದಲ್ಲಿ ಕೊಂದವಳು ಮಹಡಿಯಲ್ಲಿ ಬಾಡಿಗೆಗಿದ್ದ ಹೆಂಗಸು. ಹಿಮ ಬಿದ್ದ ಹೊಸಿಲಿನ ಮುಂದೆ ವರದಿಗಾರ ಮಂಡಿಯೂರಿ ನೆಲ ನೋಡುವ ಒಂದು ಚಿತ್ರವಿತ್ತು. ಫ್ರೆಂಚಿನಲ್ಲಿ ಅವನು ‘ಈ ಹೆಜ್ಜೆಗಳು ಕುಂಟನವು’ ಅನ್ನುತ್ತಾನೆ. ಕನ್ನಡದಲ್ಲಿ ಅವನು ಅನ್ನುವುದು, ‘ಈ ರಂಗೋಲಿ ಈ ಮನೆಯಮ್ಮ ಹಾಕಿದ್ದಲ್ಲ!’

ಪ್ಯಾರಿಸ್ಸಿನಲ್ಲಿ ರಂಗೋಲಿ. ನಗಬೇಕಾಗಿತ್ತು. ನಾನು ಪುಸ್ತಕ ಮುಚ್ಚಿದೆ, ಯಾಕೆಂದರೆ ಅದು ನನ್ನ ಕೊಲೆ.

ಮೈಸೂರಿನಲ್ಲಿ ಒಬ್ಬ ಅಜ್ಜಿ ಸತ್ತು ಮೂರು ದಿನವಾದರೂ ಮನೆ ಮುಂದೆ ದಿನಾ ರಂಗೋಲಿ ಬೀಳುತ್ತಿತ್ತು. ಅನುಮಾನ ಬಾರದಿರಲಿ ಎಂದು ಬಾಡಿಗೆಯವಳು ಹಾಕುತ್ತಿದ್ದಳು. ಅಜ್ಜಿ ಎಡಚಿ, ಅವರ ಎಳೆ ಸುತ್ತುವ ದಿಕ್ಕೇ ಬೇರೆ. ಅದನ್ನು ಮೊದಲು ಗಮನಿಸಿದವಳು ನಾನು. ಪೊಲೀಸರಿಗೆ ಹೇಳಿದವಳು ನಾನು. ಮರುದಿನ ಪತ್ರಿಕೆಯಲ್ಲಿ ಅದು ಬಂದದ್ದು ನನ್ನ ಹಿರಿಯ ಸಹೋದ್ಯೋಗಿಯ ಹೆಸರಿನಲ್ಲಿ. ‘ನೀನು ಹುಡುಗಿ, ಬೆದರಿಕೆ ಗಿದರಿಕೆ ಬಂದರೆ ಕಷ್ಟ’ ಎಂದು ಸಂಪಾದಕರು ನನ್ನ ಒಳಿತಿಗೇ ಎನ್ನುವ ಹಾಗೆ ಹೇಳಿದ್ದರು. ಒಮ್ಮೆ ಅವರು ಕದ್ದರು. ಸಮುದ್ರ ದಾಟಿ ಬಂದ ಮೇಲೆ ಇವರು ಕದ್ದರು, ಅದೂ ಉಪ್ಪಿನಕಾಯಿ ತಿನ್ನುತ್ತಾ. ಮನೆಗೆ ಹೋಗಿ ನೆನಪು ಮಾಡಿಕೊಂಡೆ. ಸಿರಿ ಬಾಯಿಪಾಠ ಹೇಳುತ್ತಿದ್ದ, ನಾನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದ ಎಲ್ಲ ಕಥೆಗಳೂ ನನ್ನವೇ. ಲಾಡ್ಜಿನ ಕೊಲೆ ನನ್ನದು, ಹಾಲಿನವನ ಸೈಕಲ್ಲು ನನ್ನದು, ಸುಳ್ಳು ಅಳುವ ಅಳಿಯ ನನ್ನವನು.

ಲೇಬಲ್ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಯಂತ್ರಕ್ಕೆ ಶಾಯಿ ಇಲ್ಲ. ಶಾಖ ತಾಗಿದರೆ ಕಪ್ಪಾಗುವ ಕಾಗದ ಅದು, ಅಕ್ಷರ ಮೂಡುವುದೇ ಹಾಗೆ. ಆ ರೋಲುಗಳನ್ನು ಬಿಸಿಲಿಗೆ ಇಡಬಾರದು ಅನ್ನುವುದು ಗೋದಾಮಿನಲ್ಲಿ ಕಸ ಗುಡಿಸುವವರಿಗೂ ಗೊತ್ತು. ಶುಕ್ರವಾರ ಬೆಳಿಗ್ಗೆ ನಾನು ಆ ಪುಸ್ತಕವನ್ನು ಕಾರಿನ ಮುಂಗಾಜಿನ ಕೆಳಗೆ, ತೆರೆದ ಪುಟ ಮೇಲಾಗಿ ಇಟ್ಟು ಒಳಗೆ ಹೋದೆ. ಮರೆತು ಇಟ್ಟೆ, ಅದು ನಿಜ. ಆದರೆ ಹತ್ತೂವರೆಗೆ ನೆನಪಾಯಿತು. ಇಲ್ಲಿ ಜನವರಿ ಅಂದರೆ ಕಡು ಬೇಸಿಗೆ, ಹೊರಗೆ ನಲವತ್ತೆರಡು ಡಿಗ್ರಿ. ಕಾರು ನನ್ನ ಕಿಟಕಿಯಿಂದ ಕಾಣುತ್ತಿತ್ತು, ಎದ್ದು ಹೋದರೆ ಐವತ್ತು ಹೆಜ್ಜೆ. ನಾನು ಏಳಲಿಲ್ಲ. ಟೀ ಕುಡಿದೆ, ಜೋಸೆಲಿನ್ ಜೊತೆ ಹರಟೆ ಹೊಡೆದೆ, ಏಳಲಿಲ್ಲ. ರಘುವಿಗೂ ಇದನ್ನು ಇವತ್ತಿನವರೆಗೆ ಹೇಳಿಲ್ಲ. ಸಂಜೆ ಹೋಗಿ ನೋಡಿದರೆ ತೆರೆದ ಪುಟದ ಗುಳ್ಳೆಗಳೆಲ್ಲ ಇದ್ದಿಲಿನಂತೆ ಕಪ್ಪು, ಉಳಿದವು ಕಡು ಬೂದು. ಒಂದಕ್ಷರ ಕಾಣುತ್ತಿರಲಿಲ್ಲ. ಎಲ್ಲ ಪಾತ್ರಗಳ ಬಾಯಿಂದಲೂ ಕತ್ತಲೆ ಹೊರಡುತ್ತಿತ್ತು.

ಶನಿವಾರ ಅದನ್ನು ಮಕ್ಕಳೆದುರಿಗೇ ಅಂಕಲ್ ಕೈಗೆ ಕೊಟ್ಟೆ. ‘ಸಾರಿ ಅಂಕಲ್, ಕಾರಲ್ಲಿ ಮರೆತುಬಿಟ್ಟೆ.’

ಅವರು ಪುಟ ತಿರುವಿದರು. ಒಂದು ಕಪ್ಪು ಗುಳ್ಳೆಯನ್ನು ಅಂಗೈಯ ಅಂಚಿನಿಂದ ಸವರಿದರು. ಒಂದು ತಿಂಗಳ ಕೆಲಸ. ಬೈಯಲಿ ಅಂತ ಕಾದೆ, ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ‘ಬಿಸ್ಲು ನೋಡ್ರಿ’ ಅಂದರು ಅಷ್ಟೇ. ಆಮೇಲೆ ಮಕ್ಕಳ ಕಡೆ ತಿರುಗಿದರು. ‘ಈಗೇನ್ರಪ್ಪ ಮಾಡದು? ಯಾರಿಗಾರ ನೆಪ್ಪೈತಾ?’

ಸಿರಿ ಎದ್ದು ನಿಂತಳು. ಮೊದಲ ಪುಟದಿಂದ ಶುರು ಮಾಡಿದಳು. ಒಂದೊಂದು ಗುಳ್ಳೆ, ಒಂದೊಂದು ದನಿ, ಒಂದಕ್ಷರ ಬಿಡದೆ. ನನ್ನ ಒಂಬತ್ತು ವರ್ಷದ ಮಗಳು ತಡವರಿಸದೆ ಇಪ್ಪತ್ತು ನಿಮಿಷ ಕನ್ನಡ ಆಡಿದಳು. ಅಂಕಲ್ ಜೇಬಿನಿಂದ ಪೆನ್ನು ತೆಗೆದು ಅವಳು ಹೇಳಿದ್ದನ್ನು ಹೇಳಿದ ಹಾಗೆ ಹೊಸ ಲೇಬಲ್‌ಗಳ ಮೇಲೆ ಬರೆದುಕೊಳ್ಳುತ್ತಾ ಹೋದರು. ಹಿಂದೆ ನಿಂತಿದ್ದ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಹೆಮ್ಮೆಯ ನೀರು ಅಂದುಕೊಂಡರು.

ರಂಗೋಲಿಯ ಪುಟ ಬಂದಾಗ ನನಗೆ ತಡೆಯಲಾಗಲಿಲ್ಲ. ‘ಅದು ಸುಳ್ಳು’ ಅಂದೆ. ‘ಆ ಪುಸ್ತಕದಲ್ಲಿ ಹಾಗೆ ಬರೆದೇ ಇಲ್ಲ. ಪ್ಯಾರಿಸ್ಸಿನಲ್ಲಿ ಯಾರೂ ರಂಗೋಲಿ ಹಾಕಲ್ಲ. ಕೊಂದವನು ತೋಟಗಾರ. ಅಂಕಲ್‌ಗೆ ಫ್ರೆಂಚೇ ಬರಲ್ಲ. ಈ ರಂಗೋಲಿ ಕಥೆ ನಂದು. ಮೈಸೂರಿಂದು. ಇವರು ಹೇಳಿದ ಕಥೆ ಎಲ್ಲ ನಂದೇ!’

ಅವರಮ್ಮ ಇವರಮ್ಮ ಎಲ್ಲ ನನ್ನನ್ನೇ ನೋಡುತ್ತಿದ್ದರು. ಹತ್ತೊಂಬತ್ತು ಮಕ್ಕಳ ಮುಂದೆ ನಾನು ಮಗುವಿಗಿಂತ ಕಡೆಯಾಗಿ ನಿಂತಿದ್ದೆ. ಅಂಕಲ್ ತಲೆಯೆತ್ತಿದರು. ಅವರ ಮುಖದಲ್ಲಿ ಅವಮಾನ ಹುಡುಕಿದೆ, ಇರಲಿಲ್ಲ. ಇದ್ದದ್ದು ಕುತೂಹಲ. ‘ಹೌದಾ? ತೋಟಗಾರನಾ?’ ಅಂದರು. ‘ನಾನು ಮೊದ್ಲಿಂದ ಚಿತ್ರದಾಗಿನ ಆ ಡಾಕ್ಟ್ರು ಮೇಲೆ ಅನುಮಾನ ಪಟ್ಟಿದ್ದೆ ಕಣ್ರಿ.’ ಆಮೇಲೆ ಮಕ್ಕಳಿಗೆ ಹೇಳಿದರು. ‘ಮೇಡಮ್ನೋರು ಹೇಳದು ನಿಜ. ಕೊಲೆ ಎಲ್ಲ ಅವರ್ದೇ. ಸಿರಿ ಅವರಮ್ಮ ಇಲ್ಲಿಗೆ ಬರಕ್ ಮುಂಚೆ ದೊಡ್ಡ ರಿಪೋರ್ಟ್ರು. ನಾನು ಬರೇ ಅಂಟಿಸೋನು.’

ಆ ಮಾತು ಎಂದೋ ಬರಬೇಕಾಗಿತ್ತು, ಬಂತು. ಎಲ್ಲರೆದುರಿಗೆ ಬಂತು. ನಾನು ಸಿರಿಯ ಕಡೆ ನೋಡಿದೆ. ಈಗಾದರೂ ಅವಳ ಕಣ್ಣಲ್ಲಿ ನಾನು ಬೆಳೆಯಬೇಕು ಅಂತ.

ಸಿರಿ ಕೇಳಿದಳು, ‘ನಂಗ್ಯಾಕಮ್ಮ ಹೇಳ್ಲಿಲ್ಲ?’

ಊಟದ ಬಿಡುವಿನಲ್ಲಿ ಹೊರಗಿನವರೊಬ್ಬರಿಗೆ ಆರು ವರ್ಷದ ಬದುಕನ್ನೆಲ್ಲ ಸುರಿದವಳು ಮಗಳಿಗೆ ಕೊಟ್ಟದ್ದು ಕಾಗುಣಿತ.

ಮರುದಿನದಿಂದಲೇ ಪ್ರಯತ್ನಪಟ್ಟೆ. ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಾಡ್ಜಿನ ಕೊಲೆ ಹೇಳಿದೆ. ಎಷ್ಟು ಗಂಟೆಗೆ ಆಯಿತು, ಯಾವ ಠಾಣೆ, ಯಾವ ಅಸ್ತ್ರ, ಎಲ್ಲ ಕ್ರಮವಾಗಿ. ಎರಡು ನಿಮಿಷಕ್ಕೆ ಮುಗಿಯಿತು. ಅವಳು ಮರ್ಯಾದೆಯಿಂದ ಕೇಳಿ, ‘ತಾತ ಹೇಳೋವಾಗ ಅದ್ರಲ್ಲಿ ನಾಯಿ ಇತ್ತು’ ಅಂದಳು. ‘ನಾಯಿ ಇರಲಿಲ್ಲ, ಅದು ಅವರು ಸೇರಿಸಿದ್ದು’ ಅಂದೆ. ‘ಓಕೆ’ ಅಂದಳು. ಅದು ಇಂಗ್ಲಿಷಿಗೆ ವಾಪಸ್ಸು ಹೋಗುವ ಬಾಗಿಲು.

ಆ ವರ್ಷದ ಕೊನೆಗೆ ಅಂಕಲ್ ಹೆಂಡತಿಗೆ ಮತ್ತೆ ಅಡಿಲೇಡ್‌ನಲ್ಲಿ ಕೆಲಸ ಸಿಕ್ಕಿ ಅವರು ಹೊರಟರು. ಹೊರಡುವ ಮುಂಚೆ ನಮ್ಮ ಮನೆಗೆ ಊಟಕ್ಕೆ ಕರೆದೆ. ರಘುವಿನ ಬಲವಂತ. ಎರಡು ಸಲ ಅನ್ನ ಹಾಕಿಸಿಕೊಂಡರು, ಖಾರ ಜಾಸ್ತಿ ಅಂದರು. ಸಿರಿ ಅವರ ತೋಳಿಗೆ ಜೋತುಬಿದ್ದಿದ್ದಳು. ಕೈ ತೊಳೆಯಲು ಬಂದಾಗ ನನ್ನೊಬ್ಬಳಿಗೇ ಕೇಳುವ ಹಾಗೆ ಅಂದರು, ‘ನಿಮಗೆ ವಿಷ್ಯ ಕೊಟ್ಟವ್ನೆ ಮೇಡಮ್ನೋರೆ, ನನಗೆ ಬಾಯಿ ಕೊಟ್ಟವ್ನೆ. ಎಲ್ಡೂ ಒಬ್ರಿಗೇ ಕೊಟ್ಟಿದ್ರೆ ದೇವ್ರಿಗೇ ಹೊಟ್ಟೆಯುರಿ ಆಗಿರದು.’ ಬಿಸಿಲಿನಲ್ಲಿ ಪುಸ್ತಕ ಬಿಟ್ಟದ್ದು ಅವರಿಗೆ ಗೊತ್ತಿತ್ತೇನೋ ಅಂತ ನನಗೆ ಆಗ ಅನ್ನಿಸಿತು. ಕೇಳುವ ಧೈರ್ಯವಾಗಲಿಲ್ಲ. ಟವೆಲ್ ಕೊಟ್ಟೆ.

ಅವರು ಹೋದ ಮೇಲೆ ತರಗತಿ ಎರಡು ತಿಂಗಳು ನಡೆಯಿತು. ಮಕ್ಕಳು ಒಂದೊಂದಾಗಿ ಕ್ರಿಕೆಟ್ಟಿಗೆ, ಈಜಿಗೆ ಹೊರಟುಹೋದವು. ಸಿರಿ ನನ್ನ ಜೊತೆ ಕನ್ನಡ ಬಿಟ್ಟಳು. ಜಗಳವೇನಿಲ್ಲ. ಒಳ್ಳೆಯ ಹುಡುಗಿ, ಹೇಳಿದ್ದು ಕೇಳುತ್ತಾಳೆ, ಅಂಕ ಚೆನ್ನಾಗಿ ತೆಗೆಯುತ್ತಾಳೆ, ಇಂಗ್ಲಿಷಿನಲ್ಲಿ ‘ಲವ್ ಯು ಅಮ್ಮ’ ಅನ್ನುತ್ತಾಳೆ. ಈ ವರ್ಷ ಬ್ರಿಸ್ಬೇನ್‌ನ ವಿಶ್ವವಿದ್ಯಾಲಯಕ್ಕೆ ಸೇರಿದಳು. ಓದಲು ಹಿಡಿದಿರುವುದು ಪತ್ರಿಕೋದ್ಯಮ. ಯಾರಿಂದ ಸ್ಫೂರ್ತಿ ಅಂತ ನಾನು ಕೇಳಿಲ್ಲ. ಉತ್ತರ ನನಗೆ ಬೇಡ.

ಮಂಗಳವಾರ ಸುದ್ದಿ ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಅವರ ಹೆಂಡತಿಯೇ ಗುಂಪಿಗೆ ಬರೆದಿದ್ದರು, ಅಂತ್ಯಕ್ರಿಯೆ ನಿನ್ನೆ ಮನೆಯವರಷ್ಟೇ ಸೇರಿ ಮುಗಿಸಿದೆವು ಎಂದು. ಹಳೇ ಚಾಳಿ, ಅಡಿಲೇಡ್‌ನ ಒಬ್ಬ ಪರಿಚಯದವರಿಗೆ ಫೋನ್ ಮಾಡಿ ವಿಚಾರಿಸಿದೆ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರಂತೆ. ಗಂಟಲಿಗೆ ನಳಿಕೆ ಹಾಕಿದ್ದರಂತೆ, ಕೊನೆಯವರೆಗೂ ಒಂದು ಮಾತೂ ಆಡಲಾಗಲಿಲ್ಲವಂತೆ. ಆ ಮನುಷ್ಯನಿಗೆ ಮಾತಿಲ್ಲ. ಹನ್ನೊಂದು ದಿನ. ಫೋನ್ ಇಟ್ಟು ನಾನು ಅತ್ತೆ. ಈ ಸಲ ಯಾವ ಬೆರಕೆಯೂ ಇರಲಿಲ್ಲ.

ಸಿರಿಗೆ ಹೇಳಬೇಕಲ್ಲ. ವಾಟ್ಸಾಪ್ ಗುಂಪಿನಲ್ಲಿ ಅವಳಿಲ್ಲ. ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಬೇಕು ಎಂದು ಫೋನ್ ಮಾಡಿದೆ. ‘ಸಿರಿ, ತಾತ ಹೋಗ್ಬಿಟ್ರಂತೆ ಕಣೇ’ ಅಂದೆ. ಅವಳ ಸುತ್ತ ಜನರ ಓಡಾಟದ ಸದ್ದು, ಚಕ್ರದ ಪೆಟ್ಟಿಗೆಗಳ ಸದ್ದು. ಕಾಲೇಜಿನಲ್ಲಿದ್ದಾಳೆ ಅಂದುಕೊಂಡೆ.

‘ಹೇಗಮ್ಮ?’ ಅಂದಳು. ಕನ್ನಡದಲ್ಲಿ.

ನಳಿಕೆಯ ವಿಷಯ ನಾಲಗೆಯ ತುದಿಯಲ್ಲಿತ್ತು. ಎಷ್ಟು ದಿನ, ಯಾವ ವಾರ್ಡು, ಎಷ್ಟು ಗಂಟೆಗೆ, ಎಲ್ಲ ಬರೆದುಕೊಂಡಿದ್ದೆ. ಆ ಚೀಟಿಯನ್ನು ತಲೆಕೆಳಗು ಮಾಡಿಟ್ಟೆ. ‘ಮನೇಲೇ ಪುಟ್ಟಾ’ ಅಂದೆ. ‘ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದ್ರಂತೆ. ಮುದ್ದೆ, ಬಸ್ಸಾರು. ಹೊರಗೆ ನಿಂಬೆ ಗಿಡದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತ್ರಂತೆ.’ ಅವರ ಮನೆಯಲ್ಲಿ ನಿಂಬೆ ಗಿಡ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

‘ಆಮೇಲೆ?’ ಅಂದಳು.

‘ಆಮೇಲೆ ಪಕ್ಕದ ಮನೆ ನಾಯಿ ಬೇಲಿ ಸಂದಿಯಿಂದ ಬಂದು ಕಾಲ ಹತ್ತಿರ ಮಲಗ್ತಂತೆ. ಅದಕ್ಕೂ ಏನೋ ಕಥೆ ಹೇಳ್ತಾ ಇದ್ರಂತೆ. ಆಂಟಿ ಅಡುಗೆಮನೆಯಿಂದ ಕೇಳಿಸ್ಕೊಂಡ್ರಂತೆ, ದನಿ ಬದಲಾಯಿಸಿ ಬದಲಾಯಿಸಿ ಮಾತಾಡ್ತಿದ್ರಂತೆ.’ ಒಂದು ಸುಳ್ಳು ಇನ್ನೊಂದನ್ನು ಕರೆದುಕೊಂಡು ಬರುತ್ತಿತ್ತು. ನನ್ನ ಜನ್ಮದಲ್ಲಿ ನಾನು ಇಷ್ಟು ಚೆನ್ನಾಗಿ ಏನನ್ನೂ ಹೇಳಿರಲಿಲ್ಲ. ಆ ಕಡೆ ಅವಳು ಮೂಗು ಏರಿಸಿಕೊಳ್ಳುತ್ತಾ ಕೇಳುತ್ತಿದ್ದಳು.

ಆಗ ಅವಳ ಹಿಂದೆ ಧ್ವನಿವರ್ಧಕದ ಹೆಣ್ಣುದನಿ ಕೇಳಿಸಿತು. ಅಡಿಲೇಡ್‌ನಿಂದ ಬ್ರಿಸ್ಬೇನ್‌ಗೆ ಹೊರಡುವ ಪ್ರಯಾಣಿಕರು ಗೇಟಿಗೆ ಬರಬೇಕು ಎಂದು.

ಅವಳು ಕಾಲೇಜಿನಲ್ಲಿರಲಿಲ್ಲ. ಅಡಿಲೇಡ್ ವಿಮಾನ ನಿಲ್ದಾಣದಲ್ಲಿದ್ದಳು. ಮನೆಯವರಷ್ಟೇ ಸೇರಿದ್ದಲ್ಲಿ ನನ್ನ ಮಗಳೂ ಇದ್ದಳು. ನಳಿಕೆ ನೋಡಿದ್ದಳು, ಮಾತಿಲ್ಲದ ತಾತನನ್ನು ನೋಡಿದ್ದಳು. ಎಷ್ಟು ದಿನದಿಂದ ಅಲ್ಲಿದ್ದಳೋ, ನನಗೆ ಒಂದು ಮಾತು ಹೇಳಿರಲಿಲ್ಲ. ಎಷ್ಟು ವರ್ಷದಿಂದ ಅವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳೋ, ಅದೂ ಹೇಳಿರಲಿಲ್ಲ. ಸತ್ತವರ ಮೇಲೆ, ನಿನ್ನೆ ಸುಟ್ಟು ಬೂದಿಯಾದವರ ಮೇಲೆ, ನನ್ನ ಹೊಟ್ಟೆ ಧಗ್ಗೆಂದು ಉರಿಯಿತು.

‘ಸಿರಿ, ನೀನು...’ ಅಂದೆ.

‘ನಿಲ್ಲಿಸ್ಬೇಡಮ್ಮ’ ಅಂದಳು. ಅವಳ ದನಿ ಒಡೆದಿತ್ತು. ‘ಹೇಳು. ನಾಯಿ ಬಂತು, ಆಮೇಲೆ?’

ಹೊಟ್ಟೆ ಉರಿಯುತ್ತಲೇ ಇತ್ತು. ‘ಆಮೇಲೆ ಆಂಟಿ ಮಜ್ಜಿಗೆ ತಗೊಂಡು ಹೊರಗೆ ಬಂದ್ರಂತೆ’ ಎಂದು ಮುಂದುವರಿಸಿದೆ.